ಎತ್ತು ಎತ್ತರ, ಗಾಡಿ ಗಿಡ್ಡ: ನೊಗದಿಂದ ಟ್ರ್ಯಾಕ್ಟರ್ ಹುಕ್ಕಿನ ತನಕ

ಹೋದ ಸಲ ಟ್ರ್ಯಾಕ್ಟರ್ ಬಗ್ಗೆ ಬರೆದಾಗ ಮೂರು ಜನ ಒಂದೇ ಮಾತು ಕೇಳಿದ್ರಿ. ಹಳೇ 35 ಎಚ್‌ಪಿ ಗಾಡಿ ಕೊಟ್ಟು 50ರದ್ದು ತಂದಿದ್ದೀವಿ, ಟ್ರೈಲರ್ ಮಾತ್ರ ಹಳೇದೇ ಇದೆ, ಈಗ ಸಿಕ್ಕಿಸಿದ್ರೆ ಟ್ರೈಲರ್ ಮೂತಿ ಮೇಲಕ್ಕೆದ್ದು ಬಾಲ ನೆಲ ನೋಡುತ್ತೆ, ಏನು ಮಾಡೋದು ಅಂತ. ಒಬ್ಬರಂತೂ ಪಿನ್ನು ಮೇಲೆ ಕೆಳಗೆ ಮಾಡಿ ಸಾಕಾಗಿ, ವೆಲ್ಡಿಂಗ್ ಶಾಪಲ್ಲಿ ಟ್ರ್ಯಾಕ್ಟರ್ ಹುಕ್ಕನ್ನೇ ಬದಲಾಯಿಸ್ತೀನಿ ಅಂತ ಹೊರಟಿದ್ರು. ಅವರಿಗೆ ಫೋನ್ ಮಾಡಿ ಎರಡು ದಿನ ತಡೀರಿ ಸ್ವಾಮಿ ಅಂದೆ. ಯಾಕೆ ಅಂದೆ ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎಳೆಯೋದು ಎತ್ತರ, ಎಳೆಸ್ಕೊಳ್ಳೋದು ಗಿಡ್ಡ ಅನ್ನೋ ತಾಪತ್ರಯ ಟ್ರ್ಯಾಕ್ಟರ್ ಜೊತೆ ಬಂದಿದ್ದಲ್ಲ. ನಮ್ಮಜ್ಜನ ಕಾಲದ ಮರದ ಗಾಡಿಗೂ ಇತ್ತು. ಎರಡು ದೊಡ್ಡ ಚಕ್ರ, ನಡುವೆ ಅಚ್ಚು, ಅಚ್ಚಿನ ಮೇಲೆ ಗಾಡಿ, ಮುಂದಕ್ಕೆ ಚಾಚಿದ ಮೂಕಿ, ಮೂಕಿ ತುದಿಗೆ ನೊಗ. ಇಡೀ ಗಾಡಿ ಅಚ್ಚಿನ ಮೇಲೆ ತಕ್ಕಡಿ ಥರ ಕೂತಿರುತ್ತೆ. ಹೊರೆ ಮುಂದಕ್ಕೆ ಜಾಸ್ತಿ ಆದ್ರೆ ಮುಂಭಾರ, ಎತ್ತಿನ ಹೆಗಲು ಹುಣ್ಣಾಗುತ್ತೆ. ಹಿಂದಕ್ಕೆ ಜಾಸ್ತಿ ಆದ್ರೆ ಹಿಂಭಾರ, ನೊಗ ಮೇಲಕ್ಕೆದ್ದು ಕೊರಳಿಗೆ ಕಟ್ಟಿದ ಹಗ್ಗ ಎತ್ತಿನ ಗಂಟಲು ಹಿಡಿಯುತ್ತೆ. ಏರಲ್ಲಿ ಹಿಂಭಾರ ಆಗಿ ಮೂಕಿ ಎದ್ದು ಎತ್ತು ಉಸಿರು ಕಟ್ಟಿ ಒದ್ದಾಡೋದನ್ನ ನನ್ನ ವಯಸ್ಸಿನೋರು ನೋಡಿರ್ತೀರಿ. ಅದಕ್ಕೇ ಹಿರೀಕರು ಹುಲ್ಲು ಹೇರೋವಾಗ ನೊಗಕ್ಕೆ ಕೈ ಕೊಟ್ಟು ಎತ್ತಿ ನೋಡೋರು. ಒಬ್ಬ ಆಳು ಬಿಗಿಯಾಗಿ ಎತ್ತೋಷ್ಟು ಭಾರ ಮೂಕಿ ಮೇಲೆ ಇರಬೇಕು, ಅದಕ್ಕಿಂತ ಕಮ್ಮಿನೂ ಬೇಡ, ಜಾಸ್ತಿನೂ ಬೇಡ. ತೂಕದ ಯಂತ್ರ ಅವರ ಹೆಗಲೇ.

ಈಗ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಿಂದ ಒಬ್ಬರು ಎತ್ತರದ ಹಳ್ಳಿಕಾರ್ ಜೋಡಿ ಹೊಡ್ಕೊಂಡು ಬಂದ್ರು ಅನ್ಕೊಳ್ಳಿ. ಮನೇಲಿರೋ ಗಾಡಿ ನಾಟಿ ಎತ್ತಿಗೆ ಅಂತ ಮಾಡಿಸಿದ್ದು. ನೊಗ ಮೇಲೆ ಹೋಯ್ತು, ಗಾಡಿ ಹಿಂದಕ್ಕೆ ವಾಲಿತು. ಇದಕ್ಕೆ ನಮ್ಮ ಕಡೆ ಆಚಾರ್ರು ಎರಡು ಉಪಾಯ ಮಾಡೋರು. ಸುಲಭದ್ದು, ಮೂಕಿ ಕೆಳಗೆ ಕಟ್ಟಿದ್ದ ನೊಗವನ್ನ ಮೂಕಿ ಮೇಲೆ ಕಟ್ಟೋದು. ಮೂಕಿ ದಪ್ಪ, ನೊಗದ ದಪ್ಪ ಸೇರಿ ಒಂದು ಗೇಣಿನ ಹತ್ರ ವ್ಯತ್ಯಾಸ ಸಿಗುತ್ತೆ. ಅದೂ ಸಾಲದಿದ್ರೆ ಅಚ್ಚಿಗೂ ಗಾಡಿ ಮರಕ್ಕೂ ನಡುವೆ ಗಟ್ಟಿ ಮರದ ದಿಮ್ಮಿ ಕೊಟ್ಟು ಗಾಡಿ ಎತ್ತೋದು. ಎತ್ತಿನ ಕಾಲು ಕುಯ್ಯೋಕಾಗಲ್ವಲ್ಲ, ಸರಿ ಮಾಡೋದೆಲ್ಲ ಗಾಡಿ ಕಡೆಗೇ.

ಈ ಹಳ್ಳಿಕಾರ್ ತಳಿಯಿಂದಲೇ ಅಮೃತ್ ಮಹಲ್ ಎತ್ತುಗಳು ಬಂದವು ಅಂತಾರೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದ ಅರಮನೆ ದನಗಳ ಇಲಾಖೆ, ಟಿಪ್ಪು ಕಾಲಕ್ಕೆ ಅಮೃತ್ ಮಹಲ್ ಆಯ್ತು. ಹೈದರ್, ಟಿಪ್ಪು ಇಬ್ಬರ ಫಿರಂಗಿನೂ ಎಳೆದಿದ್ದು ಇವೇ. ಫಿರಂಗಿ ಗಾಡಿ ಅಂದ್ರೆ ಎರಡು ಚಕ್ರ, ಮೇಲೆ ಕೊಳವೆ, ಹಿಂದಕ್ಕೆ ಉದ್ದವಾದ ಮರದ ಬಾಲ. ಸಾಗಿಸೋವಾಗ ಆ ಬಾಲದ ಭಾರ ಎತ್ತಿನ ಹೆಗಲಿಗೆ ಹಾಕಿದ್ರೆ ಎತ್ತು ಉಳಿಯಲ್ಲ. ಅದಕ್ಕೆ ಆ ಕಾಲದ ಸೈನ್ಯಗಳು ಮುಂದೆ ಇನ್ನೊಂದು ಎರಡು ಚಕ್ರದ ಸಣ್ಣ ಗಾಡಿ ಇಟ್ಟು, ಅದರ ಮೇಲಿನ ಗೂಟಕ್ಕೆ ಫಿರಂಗಿ ಬಾಲ ಸಿಕ್ಕಿಸೋರು. ಬಾಲದ ಭಾರ ಮುಂದಿನ ಚಕ್ರಕ್ಕೆ, ಎತ್ತಿಗೆ ಬರೀ ಎಳೆಯೋ ಕೆಲಸ. ಗೂಟದ ಮೇಲೆ ತಿರುಗೋದ್ರಿಂದ ತಿರುವಲ್ಲೂ ತೊಂದರೆ ಇಲ್ಲ. ಇವತ್ತಿನ ಟ್ರೈಲರ್ ಲಾರಿ ತತ್ವ ಪೂರ್ತಿ ಇಷ್ಟೇ.

ಎತ್ತಿನ ಬೆಲೆ ಏನು ಅಂತ ಕಾರ್ನ್‌ವಾಲಿಸ್‌ಗೆ ಗೊತ್ತಾಗಿದ್ದು 1791ರಲ್ಲಿ. ಮಾರ್ಚ್ 21ಕ್ಕೆ ಬೆಂಗಳೂರು ಕೋಟೆ ಹಿಡಿದ, ಆಮೇಲೆ ಉತ್ತರಕ್ಕೆ ಬಂದು ನಮ್ಮ ದೇವನಹಳ್ಳಿನೂ ವಶ ಮಾಡ್ಕೊಂಡ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲ ತನಕ ಹೋದ. ಅಷ್ಟೊತ್ತಿಗೆ ಮೇವಿಲ್ಲದೆ, ರೋಗಕ್ಕೆ ಎತ್ತುಗಳು ಸಾಲಾಗಿ ಬಿದ್ದವು. ಕೋಟೆ ಒಡೆಯೋಕೆ ತಂದಿದ್ದ ದೊಡ್ಡ ಫಿರಂಗಿಗಳನ್ನ ಎಳೆಯೋಕೆ ಏನೂ ಇಲ್ಲದೆ, ತಾನೇ ಒಡೆದು ಹಾಕಿ ವಾಪಸ್ ಬಂದ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಂಗ್ಲಿಷರು ಅಮೃತ್ ಮಹಲ್ ದನಗಳನ್ನ ತಮ್ಮ ಸೈನ್ಯಕ್ಕೇ ಸಾಕ್ಕೊಂಡಿದ್ದು ಸುಮ್ಮನೆ ಅಲ್ಲ.

ಗಾಡಿಗೆ ವಾಪಸ್ ಬರ್ತೀನಿ. ಡನ್ಲಪ್ ಕಂಪನಿ 1936ರಲ್ಲಿ ಬಂಗಾಳದ ಸಹಾಗಂಜ್‌ನಲ್ಲಿ ಟೈರ್ ಕಾರ್ಖಾನೆ ಹಾಕ್ತು. ಆಮೇಲಿನ ವರ್ಷಗಳಲ್ಲಿ ಎತ್ತಿನ ಗಾಡಿಗೆ ಗಾಳಿ ಟೈರು ಬಂತು. ಯಾವ ಕಂಪನಿ ಟೈರಾದ್ರೂ ನಮಗೆ ಅದು ಡನ್ಲಪ್ ಗಾಡಿನೇ. ಎಳೆಯೋಕೆ ಹಗುರ, ಉಸುಬಲ್ಲಿ ಹೂತ್ಕೊಳ್ಳಲ್ಲ, ಡಾಂಬರು ರಸ್ತೆ ಹಾಳಾಗಲ್ಲ. ಆದ್ರೆ ಒಂದು ವಿಷಯ ಯಾರೂ ಮುಂಚೆ ಯೋಚನೆ ಮಾಡಿರಲಿಲ್ಲ. ಮರದ ಚಕ್ರ ಆಳಿನ ಎದೆಮಟ್ಟ, ಟೈರು ಮಂಡಿ ದಾಟಿದ್ರೆ ಹೆಚ್ಚು. ಚಕ್ರ ಗಿಡ್ಡ ಆದಷ್ಟೂ ಅಚ್ಚು ಕೆಳಗೆ ಹೋಯ್ತು, ಅಚ್ಚಿನ ಜೊತೆ ಗಾಡಿನೂ ಇಳೀತು. ಎತ್ತಿನ ಹೆಗಲು ಮಾತ್ರ ಇದ್ದಲ್ಲೇ ಇದೆ. ಹಳೇ ಗಾಡಿಗೆ ಚಕ್ರ ಬಿಚ್ಚಿ ಟೈರ್ ಹಾಕಿದೋರ ಗಾಡಿಗಳು ಆಕಾಶ ನೋಡ್ತಾ ಹೋಗ್ತಿದ್ದವು. ಆಮೇಲೆ ಕಮ್ಮಾರ್ರು ಅಚ್ಚಿನ ಮೇಲೆ ಕಬ್ಬಿಣದ ಕುರ್ಚಿ ಥರ ಮಾಡಿ, ಅದರ ಮೇಲೆ ಗಾಡಿ ಕೂರಿಸೋದು ಕಲಿತರು. ಈಗಲೂ ಹಳೇ ಟೈರ್ ಗಾಡಿ ಕೆಳಗೆ ಬಗ್ಗಿ ನೋಡಿದ್ರೆ ಆ ಕುರ್ಚಿ ಕಾಣುತ್ತೆ.

ಈ ಗಾಡಿಗಳ ಬಗ್ಗೆ ತಲೆ ಕೆಡಿಸ್ಕೊಂಡ ದೊಡ್ಡ ಮನುಷ್ಯರು ಬೆಂಗಳೂರಲ್ಲೇ ಇದ್ರು. ಐಐಎಂ ಬೆಂಗಳೂರಿನ ಮೊದಲ ನಿರ್ದೇಶಕರು, ಪ್ರೊಫೆಸರ್ ಎನ್.ಎಸ್. ರಾಮಸ್ವಾಮಿ. ಕಂಪನಿ ಮ್ಯಾನೇಜರ್‌ಗಳನ್ನ ತಯಾರು ಮಾಡೋ ಸಂಸ್ಥೆಯ ಯಜಮಾನರು 1970ರ ದಶಕದಲ್ಲಿ ಎತ್ತಿನ ಗಾಡಿ ಹಿಂದೆ ಬಿದ್ದಿದ್ದು ಆಗ ಎಷ್ಟೋ ಜನಕ್ಕೆ ನಗು. ದೇಶದಲ್ಲಿ ಒಂದೂವರೆ ಕೋಟಿಯಷ್ಟು ಗಾಡಿ ಓಡ್ತಿವೆ, ಅದರ ನೊಗ, ಚಕ್ರ, ಸಮತೋಲ ಸುಧಾರಿಸಿದ್ರೆ ರೈತನಿಗೂ ಎತ್ತಿಗೂ ಲಾಭ ಅನ್ನೋದು ಅವರ ವಾದ. ಅವರು ಬರೆದಿದ್ದು ಹಳ್ಳಿಗೆ ಮುಟ್ಟೋ ಹೊತ್ತಿಗೆ ಟ್ರ್ಯಾಕ್ಟರ್ ಬಂದುಬಿಟ್ಟಿತ್ತು. ಆದ್ರೂ ಎತ್ತಿನ ಕುತ್ತಿಗೆ ಪರವಾಗಿ ಅಷ್ಟು ಓದಿದೋರೊಬ್ಬರು ಮಾತಾಡಿದ್ರಲ್ಲ, ನನಗೆ ಅದು ದೊಡ್ಡದು.

ಟ್ರೈಲರ್ ಲಾರಿ ಕಥೆ ಬೇಗ ಹೇಳಿ ಮುಗಿಸ್ತೀನಿ. ಹೊಸಕೋಟೆ ಹೈವೇಲಿ, ದಾಬಸ್‌ಪೇಟೆ ಕಡೆ ಕಂಟೇನರ್ ಲಾರಿಗಳ ತಲೆ ಬೇರೆ, ಮೈ ಬೇರೆ ಇರೋದು ದಿನಾ ನೋಡ್ತೀವಿ. ತಲೆಯ ಹಿಂದೆ ಗ್ರೀಸ್ ಮೆತ್ತಿದ ದುಂಡನೆ ತಟ್ಟೆ ಇರುತ್ತಲ್ಲ, ಅದಕ್ಕೆ ಐದನೇ ಚಕ್ರ ಅಂತ ಹೆಸರು. ಹೆಸರು ಬಂದಿದ್ದು ಕುದುರೆ ಸಾರೋಟಿನಿಂದ. ನಾಲ್ಕು ಚಕ್ರದ ಸಾರೋಟಿನ ಮುಂದಿನ ಅಚ್ಚಿನ ಮೇಲೆ ಅಡ್ಡಲಾಗಿ ಮಲಗಿಸಿದ ಕಬ್ಬಿಣದ ಬಳೆ ಇರೋದು, ಅಚ್ಚು ತಿರುಗೋದು ಅದರ ಮೇಲೆ. (ನಮ್ಮ ತೇರಿಗೆ ಇದಿಲ್ಲ, ಅದಕ್ಕೇ ಚಕ್ರಕ್ಕೆ ಮರದ ತುಂಡು ಕೊಟ್ಟು ತಿರುಗಿಸಬೇಕು.) 1914ರಲ್ಲಿ ಅಮೆರಿಕದ ಡೆಟ್ರಾಯಿಟ್ ಊರಲ್ಲಿ ಆಗಸ್ಟ್ ಫ್ರೂಹಾಫ್ ಅನ್ನೋ ಕಮ್ಮಾರನ ಹತ್ರ ಒಬ್ಬ ಮರದ ವ್ಯಾಪಾರಿ ಬಂದು, ನನ್ನ ದೋಣಿನ ಫೋರ್ಡ್ ಕಾರಿನ ಹಿಂದೆ ಎಳ್ಕೊಂಡು ಹೋಗೋ ಹಾಗೆ ಮಾಡಿಕೊಡು ಅಂದ. ಕಮ್ಮಾರ ಹಿಂದೆ ಮಾತ್ರ ಚಕ್ರ ಇರೋ ಗಾಡಿ ಮಾಡಿ, ಮುಂದಿನ ಭಾರವನ್ನ ಕಾರಿನ ಮೇಲೇ ಕೂರಿಸಿದ. ದೋಣಿ ಹೋಯ್ತು, ಮರದ ದಿಮ್ಮಿನೂ ಹೋಯ್ತು, ಫ್ರೂಹಾಫ್ ದೊಡ್ಡ ಟ್ರೈಲರ್ ಕಂಪನಿ ಆಯ್ತು. ಈಗ ಅಲ್ಲಿಯೋರು ಪಿಕಪ್ ಗಾಡಿಯ ತೊಟ್ಟಿಯಲ್ಲಿ ಇಂಥದೇ ತಟ್ಟೆ ಹಾಕಿಸಿ, ಅದಕ್ಕೆ ಚಕ್ರದ ಮನೆನೇ ಸಿಕ್ಕಿಸಿಕೊಂಡು ಊರೂರು ತಿರುಗ್ತಾರೆ. ಹೊಸ ಪಿಕಪ್‌ಗಳು ಎತ್ತರ, ಹಳೇ ಮನೆಗಾಡಿ ಗಿಡ್ಡ, ಮೂತಿ ಮೇಲೆ. ಅವರೂ ಮಾಡೋದು ನಮ್ಮ ಆಚಾರ್ರು ಮಾಡಿದ್ದೇ: ಕಮಾನ್ ಪಟ್ಟಿ ಮೇಲಿದ್ದ ಅಚ್ಚನ್ನ ಪಟ್ಟಿ ಕೆಳಕ್ಕೆ ತಂದು ಗಾಡಿ ಎತ್ತರ ಮಾಡೋದು. ಅವರಿಗೆ ಇನ್ನೊಂದು ಕಷ್ಟ ಇದೆ. ಆ ಗಾಡಿಗೆ ಹಿಂದೆ ಒತ್ತಾಗಿ ಎರಡು ಅಚ್ಚು ಇರೋದ್ರಿಂದ, ಮೂತಿ ಎದ್ರೆ ಭಾರವೆಲ್ಲ ಕೊನೇ ಅಚ್ಚಿಗೆ ಬಿದ್ದು ಅದರ ಟೈರ್ ಸಿಡಿಯುತ್ತೆ.

ನಮ್ಮ ಟ್ರ್ಯಾಕ್ಟರ್ ಹುಕ್ಕಿನ ಕಥೆ ಮಾತ್ರ ಪ್ರಾಣದ ಕಥೆ. 1917ರಲ್ಲಿ ಐರ್ಲೆಂಡ್‌ನಲ್ಲಿ ಹ್ಯಾರಿ ಫರ್ಗುಸನ್ ಅನ್ನೋ ಮೆಕಾನಿಕ್‌ಗೆ ಯುದ್ಧಕಾಲದ ಉಳುಮೆ ಟ್ರ್ಯಾಕ್ಟರ್‌ಗಳನ್ನ ನೋಡ್ಕೊಳ್ಳೋ ಕೆಲಸ ಸಿಕ್ತು. ಆಗ ನೇಗಿಲನ್ನ ಸರಪಳಿ ಹಾಕಿ ಗಾಡಿ ಥರ ಹಿಂದೆ ಎಳೆಯೋರು. ನೇಗಿಲು ಬಂಡೆಗೆ ಸಿಕ್ಕಿ ನಿಂತ್ರೆ ಹಿಂದಿನ ಗಾಲಿ ತಿರುಗೋ ಬಲಕ್ಕೆ ಟ್ರ್ಯಾಕ್ಟರ್ ಮುಂದೆ ಎದ್ದು ಡ್ರೈವರ್ ಮೇಲೇ ಮಗುಚೋದು. ಆ ಕಾಲದ ಹಗುರ ಫೋರ್ಡ್‌ಸನ್‌ಗಳು ಇದಕ್ಕೆ ಹೆಸರುವಾಸಿ. ಎಳೆತ ಎಲ್ಲಿಂದ ಬೀಳುತ್ತೆ, ಎಷ್ಟು ಎತ್ತರದಿಂದ ಬೀಳುತ್ತೆ ಅನ್ನೋದರ ಮೇಲೆ ಮನುಷ್ಯ ಬದುಕೋದು ಸಾಯೋದು ಇದೆ ಅಂತ ಫರ್ಗುಸನ್ ಕಂಡ್ಕೊಂಡ. ಮೂರು ಕಡೆ ಹಿಡಿಯೋ ತೋಳು, ಅದನ್ನ ಎತ್ತಿಳಿಸೋ ಹೈಡ್ರಾಲಿಕ್, ಎರಡನ್ನೂ ವರ್ಷಾನುಗಟ್ಟಲೆ ತಿದ್ದಿದ. 1939ರಲ್ಲಿ ಫೋರ್ಡ್ ಜೊತೆ ಸೇರಿ ಟ್ರ್ಯಾಕ್ಟರ್ ಬಂತು, 1946ರಲ್ಲಿ ತನ್ನದೇ ಹೆಸರಲ್ಲಿ ಬಂತು. ಅವನ ಟ್ರೈಲರ್ ನೋಡಿ: ಒಂದೇ ಅಚ್ಚು, ಅದೂ ಹಿಂದಕ್ಕೆ. ಮುಂದಿನ ಭಾರ ಬೇಕಂತಲೇ ಟ್ರ್ಯಾಕ್ಟರ್ ಹಿಂಗಾಲಿ ಮೇಲೆ, ಆದ್ರೆ ತೀರಾ ಕೆಳಗಿನ ಹುಕ್ಕಿಗೆ. ಭಾರ ಬಿದ್ದಷ್ಟೂ ಗಾಲಿಗೆ ಹಿಡಿತ, ಹುಕ್ಕು ಕೆಳಗಿದ್ದಷ್ಟೂ ಮಗುಚೋ ಭಯ ಕಮ್ಮಿ. 1953ರಲ್ಲಿ ಅವನ ಕಂಪನಿ ಮ್ಯಾಸಿ ಜೊತೆ ಸೇರ್ತು. 1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಟ್ಯಾಫೆ ಆ ಟ್ರ್ಯಾಕ್ಟರನ್ನ ನಮ್ಮ ಹೊಲಕ್ಕೆ ತಂತು, ಅದರದೊಂದು ಕಾರ್ಖಾನೆ ನಮ್ಮ ದೊಡ್ಡಬಳ್ಳಾಪುರದಲ್ಲೇ ಇದೆ. ಇವತ್ತು ಯಾವ ಬಣ್ಣದ ಟ್ರ್ಯಾಕ್ಟರ್ ಹಿಂದೆ ನೋಡಿದ್ರೂ ಇರೋದು ಆ ಮೂರು ತೋಳೇ.

ಅದಕ್ಕೇ ಹುಕ್ಕು ಬದಲಾಯಿಸ್ತೀನಿ ಅಂದೋರನ್ನ ತಡೆದಿದ್ದು. ಕಂಪನಿ ಕೊಟ್ಟ ಜಾಗದಿಂದ ಹುಕ್ಕನ್ನ ಮೇಲಕ್ಕೆ ಒಯ್ದು, ಎಳೆತ ಹಿಂದಿನ ಅಚ್ಚಿನ ಮಟ್ಟಕ್ಕೆ ಅಥವಾ ಅದಕ್ಕೂ ಮೇಲೆ ಬಿದ್ರೆ, ಕೆರೆ ಏರಿ ಹತ್ತೋವಾಗ ಮುಂದಿನ ಗಾಲಿ ಎದ್ದಿದ್ದು ಗೊತ್ತಾಗೋದ್ರೊಳಗೆ ಮಗುಚಿರುತ್ತೆ. ಕೆಳಕ್ಕೆ ವೆಲ್ಡ್ ಮಾಡಿಸಿದ್ರೂ ಆ ವೆಲ್ಡ್ ಮೇಲೆ ಮೂರು ಟನ್ ಜೋತಾಡುತ್ತೆ. ಟ್ರ್ಯಾಕ್ಟರ್ ಮುಟ್ಟಬೇಡಿ, ಟ್ರೈಲರ್ ಸರಿ ಮಾಡಿ.

ಲೆಕ್ಕ ಹೀಗೆ. ಹುಕ್ಕಿಂದ ಟ್ರೈಲರ್ ಅಚ್ಚಿಗೆ 10 ಅಡಿ, ಹೊರೆ 3,000 ಕೆಜಿ, ಹೊರೆಯ ನಡುಮಧ್ಯ ಅಚ್ಚಿಗಿಂತ 1 ಅಡಿ ಮುಂದೆ ಇದ್ರೆ ಹುಕ್ಕಿನ ಮೇಲೆ 300 ಕೆಜಿ ಬೀಳುತ್ತೆ. ಮೂತಿ ಅರ್ಧ ಅಡಿ ಎದ್ದು, ಹೊರೆಯ ನಡುಮಧ್ಯ ಅಚ್ಚಿಂದ 3 ಅಡಿ ಮೇಲಿದ್ರೆ, ಅದು ಹಿಂದಕ್ಕೆ ಜರುಗೋದು ಎರಡು ಇಂಚಿಗೂ ಕಮ್ಮಿ. ಹುಕ್ಕಿಂದ ಹೋಗೋದು 45 ಕೆಜಿ. ಇಷ್ಟೇನಾ ಅನ್ಬೇಡಿ. ಹತ್ತಕ್ಕೆ ಒಂದರ ಏರಲ್ಲಿ ಇನ್ನೂ 90 ಹೋಗುತ್ತೆ. ಮೂತಿ ಎದ್ದಿರೋ ಟ್ರೈಲರಲ್ಲಿ ಗೊಬ್ಬರ, ಮರಳು ಕುಲುಕಿ ಹಿಂದಕ್ಕೆ ಒಂದು ಅಡಿ ಜರುಗಿದ್ರೆ 300 ಪೂರ್ತಿ ಹೋಯ್ತು. ನೀಲಗಿರಿ ಮರ ಹಿಂದಕ್ಕೆ ಚಾಚಿ ಹೇರೋರ ಗತಿ ಹೇಳೋದೇ ಬೇಡ. ಆಗ ಟ್ರೈಲರೇ ಟ್ರ್ಯಾಕ್ಟರಿನ ಹಿಂಗಾಲಿ ಎತ್ತುತ್ತೆ, ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಗಾಲಿ ಜಾರುತ್ತೆ.

ಮೊದಲು ಸಮ ನೆಲದಲ್ಲಿ ಖಾಲಿ ಟ್ರೈಲರನ್ನ ಜಾಕ್ ಮೇಲೆ ಮಟ್ಟಕ್ಕೆ ನಿಲ್ಲಿಸಿ, ನೀರಿನ ಮಟ್ಟ ಇಟ್ಟು ನೋಡಿ. ಅದರ ಮೂತಿ ಬಳೆ ನೆಲದಿಂದ ಎಷ್ಟಿದೆ, ಟ್ರ್ಯಾಕ್ಟರ್ ಹುಕ್ಕು ಎಷ್ಟಿದೆ ಅಳೀರಿ. ಎರಡು ಇಂಚು ವ್ಯತ್ಯಾಸಕ್ಕೆ ಏನೂ ಮಾಡಬೇಡಿ. ನಾಲ್ಕರಿಂದ ಆರು ಇಂಚಿದ್ರೆ ಬಳೆಯನ್ನ ಮೇಲಕ್ಕೆ ಕೂರಿಸಿ: ಮೂತಿಗೆ ದಪ್ಪ ಪ್ಲೇಟು, ಅದರಲ್ಲಿ ಮೇಲೆ ಕೆಳಗೆ ಮೂರು ಸಾಲು ತೂತು, ಬಳೆಗೆ ಬೋಲ್ಟು, ಎರಡೂ ಪಕ್ಕ ತ್ರಿಕೋನದ ಆನಿಕೆ ಪ್ಲೇಟು. ನೊಗವನ್ನ ಮೂಕಿ ಮೇಲೆ ಕಟ್ಟಿದ ಹಾಗೇ ಇದು. ಅಚ್ಚಿನ ಮೇಲೆ ದಿಮ್ಮಿ ಕೊಟ್ಟು ಇಡೀ ಟ್ರೈಲರ್ ಎತ್ತೋದು ಕೊನೇ ದಾರಿ. ಹಾಗೆ ಎತ್ತಿದ್ರೆ ರಾಗಿ ಹುಲ್ಲಿನ ಹೊರೆ ಇನ್ನೂ ಎತ್ತರಕ್ಕೆ ಹೋಗಿ, ಬದು ಪಕ್ಕದ ಓರೆ ದಾರೀಲಿ ಅಡ್ಡಡ್ಡ ಮಗುಚುತ್ತೆ.

ಹಳೇ ಮರದ ಗಾಡಿ ಇನ್ನೂ ಕೊಟ್ಟಿಗೇಲಿ ಇಟ್ಕೊಂಡಿರೋರು ಯಾರಾದ್ರೂ ಇದ್ರೆ, ಅಚ್ಚು ನೆಲದಿಂದ ಎಷ್ಟು ಎತ್ತರ, ನೊಗ ಮೂಕಿ ಮೇಲಿದೆಯೋ ಕೆಳಗಿದೆಯೋ, ಯಾವ ಊರಿನ ಕೆಲಸ ಅಂತ ಬರೀರಿ, ಆದ್ರೆ ಒಂದು ಫೋಟೋನೂ ಹಾಕಿ. ಘಾಟಿ ಜಾತ್ರೆಗೆ ನಾನು ಟೇಪು ತಗೊಂಡೇ ಹೋಗ್ತೀನಿ, ಅಲ್ಲಿ ಬರೋ ಗಾಡಿಗಳದ್ದೂ ಅಳೆದು ಜನವರೀಲಿ ಇಲ್ಲೇ ಹಾಕ್ತೀನಿ.