ಟ್ರಂಪೆಟ್ ಊದುವವರ ನಾಲಿಗೆ ಪಾಠ

ಮದುವೆ ಬ್ಯಾಂಡಿನಲ್ಲಿ ಸರಸರನೆ ಟ್ರಂಪೆಟ್ ಊದುವವರನ್ನು ಕಂಡರೆ ‘ಹುಟ್ಟುಗುಣ’ ಅಂದುಬಿಡುತ್ತೇವೆ. ಆ ವೇಗವನ್ನು ಕಲಿಸುವ ದಾರಿ ಬಹಳ ಹಳೆಯದು.

ನಾಲಿಗೆಯ ತುದಿಯಿಂದ ‘ತು’ ಅಂದರೆ ಸ್ವರ ಬಿಡಿಯಾಗಿ ಹೊರಡುತ್ತದೆ. ವೇಗ ಏರಿದಂತೆ ತುದಿ ಸೋಲುತ್ತದೆ. ಆಗ ನಾಲಿಗೆಯ ಹಿಂಭಾಗವೂ ದುಡಿಯಬೇಕು: ‘ತು-ಕು, ತು-ಕು’. ಮೂರು ಸ್ವರದ ಓಟಕ್ಕೆ ‘ತು-ತು-ಕು’.

ಇಟಲಿಯ ಫಾಂತಿನಿ 1638ರ ತಮ್ಮ ಟ್ರಂಪೆಟ್ ಪುಸ್ತಕದಲ್ಲೇ ನಾಲಿಗೆಗೆ ಅಕ್ಷರಗಳನ್ನು ಬರೆದುಕೊಟ್ಟಿದ್ದರು. ಫ್ರಾನ್ಸಿನ ಆರ್ಬನ್ 1864ರಲ್ಲಿ ಟ್ರಂಪೆಟ್ಟಿನ ಹತ್ತಿರದ ವಾದ್ಯ ಕಾರ್ನೆಟ್‌ಗೆ ದೊಡ್ಡ ಪಾಠಪುಸ್ತಕ ತಂದರು. ಮೊದಲು ನಿಧಾನ, ಸಮವಾಗಿ, ವೇಗ ಆಮೇಲೆ. 1869ರಲ್ಲಿ ಪ್ಯಾರಿಸ್ ಸಂಗೀತ ಶಾಲೆ ಕಾರ್ನೆಟ್ ತರಗತಿಗೆ ಅವರನ್ನೇ ಗುರುವಾಗಿಸಿತು. ಆ ಪುಸ್ತಕ ಇಂದಿಗೂ ಬಳಕೆಯಲ್ಲಿದೆ.

ನಮ್ಮೂರ ಬ್ಯಾಂಡ್ ಹುಡುಗರಿಗೂ ನಾಲಿಗೆ ಇದೆ, ಉಸಿರಿದೆ. ಕೂರಿಸಿ ಹೇಳಿಕೊಡುವ ಗುರು ಬೇಕು.