ಸ್ಟೋ ಸಿಡೀತು ಅಂತಿದ್ರಲ್ಲ, ಖರೇನ ಸಿಡೀತಿತ್ತೇನು?

ಈಗಿನ ಸೊಸೆಯಂದಿರಿಗೆ ಪಿನ್ನು ಅಂದ್ರ ಸೀರಿಗೆ ಚುಚ್ಚೂದು, ಇಲ್ಲಾ ಎಟಿಎಂ ನಂಬರು. ನಮಗ ಪಿನ್ನು ಅಂದ್ರ ಸ್ಟೋ ಪಿನ್ನು. ತಗಡಿನ ಪಟ್ಟಿ ತುದಿಗೆ ಕೂದಲಷ್ಟು ಸಣ್ಣ ತಂತಿ. ಅದು ಮುರದ್ರ ಆವತ್ತಿನ ಚಹಾಕ್ಕ ನೆರಮನಿ ವೈನಿ ಕಡೆ ಓಡಬೇಕು.

ಪಂಪಿನ ಸ್ಟೋ ಹುಟ್ಟಿದ್ದು ದೂರದ ಸ್ವೀಡನ್ ದೇಶದಾಗ, 1892ರಾಗ. ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಅನ್ನಾಂವ ಮಾಡಿದ್ದು, ಹೆಸರು ಪ್ರೈಮಸ್. ಅದಕ್ಕೂ ಮೊದಲ ಎಣ್ಣಿ ಒಲಿ ಇದ್ದವು, ಆದ್ರ ಬತ್ತಿವು, ಮಸಿ ಭಾಳ. ಇಂವ ಎಣ್ಣೀನ ಸುಡಲಿಲ್ಲ, ಎಣ್ಣಿ ಕಾಸಿ ಆವಿ ಮಾಡಿ ಆ ಆವಿ ಸುಟ್ಟ. ಅದಕ್ಕ ನೀಲಿ ಉರಿ. 1911ರಾಗ ಅಮುಂಡ್ಸೆನ್ ದಕ್ಷಿಣ ಧ್ರುವಕ್ಕ ಹೋದಾಗ ಇದನ್ನ ಒಯ್ದಿದ್ದನಂತ. ನಾವು ಮಾತ್ರ ಇದರ ಮ್ಯಾಲೆ ಅವಲಕ್ಕಿ ಒಗ್ಗರಣಿ ಹಾಕಿದ್ವಿ.

ನಮ್ಮ ಕಡೆ ಎಣ್ಣಿಗೆ ಚಿಮಣಿ ಎಣ್ಣಿ ಅಂತಿದ್ರು, ಬೆಳಗಾವಿ ಕಡೆ ಘಾಸಲೇಟ. ಮೈಸೂರಿನವರಿಗೆ ಸೀಮೆಎಣ್ಣೆ, ಅಂದ್ರ ಪರದೇಶದ್ದು. 18 ಲೀಟರಿನ ಚೌಕ ಡಬ್ಬಿ ಖಾಲಿ ಆದ್ರ ಅದಕ್ಕ ಹಿಡಿಕಿ ಹಾಕಿಸಿ ನೀರು ಹೊರೂದು, ಮುಚ್ಚಳ ಹಾಕಿಸಿ ಜ್ವಾಳದ ಹಿಟ್ಟು ತುಂಬೂದು. ದೇವರ ನೈವೇದ್ಯಕ್ಕ ಮಾತ್ರ ನಮ್ಮಜ್ಜಿ ಸ್ಟೋ ಮುಟ್ಟಗೊಡಲಿಲ್ಲ, ಎಣ್ಣಿ ನಾರತದ ಅಂತ. ಕಟ್ಟಿಗಿ ಒಲೀನ ಆಗಬೇಕು.

ಸ್ಟೋದ ಸಿಟ್ಟು ಸೆಡವು ತಿಳಕೊಳ್ಳೂದು ಒಂದು ವಿದ್ಯಾ ಇತ್ತು. ಬರ್ನರ್ ಕೆಳಗಿನ ಬಟ್ಟಲದಾಗ ಸ್ಪಿರಿಟ್ ಹಾಕಿ ಹಚ್ಚಿ, ಬರ್ನರ್ ಛಲೋ ಕಾಯೂ ತನಕ ಪಂಪ್ ಹೊಡೀಬಾರದು. ಗಡಿಬಿಡಿ ಮಾಡಿದ್ರ ಆವಿ ಬದಲಿ ಎಣ್ಣೀನ ಚಿಮ್ಮಿ ಹಳದಿ ಉರಿ ಮಾರೆತ್ತರ ಏಳತಿತ್ತು. ಪಂಪ್ ಹೊಡದ್ರೂ ಗಾಳಿ ಹಿಡೀಲಿಲ್ಲಂದ್ರ ಒಳಗಿನ ಚರ್ಮದ ವಾಶರ್ ಒಣಗೇದ ಅಂತ. ತಗದು ಎಣ್ಣ್ಯಾಗ ನೆನಸಿ, ಅಂಚು ಅಗಲ ಮಾಡಿ ಹಾಕಬೇಕು. ಪಂಪಿನ ಕೊಳವ್ಯಾಗ ಎಣ್ಣಿ ಏರಿ ಬಂತಂದ್ರ ತಳದ ವಾಲ್ವು ಹೋಗೇದ, ಅದು ರಿಪೇರಿಯವನ ಕೆಲಸ. ಉರಿ ಒಂದ ಕಡೆ ವಾಲಿದ್ರ ನಿಪ್ಪಲ್ಲಿನಾಗ ಕಸ. ಪಿನ್ನು ಮೆತ್ತಗ ಹಾಕಬೇಕು. ಜೋರು ಚುಚ್ಚಿ ಚುಚ್ಚಿ ತೂತು ದೊಡ್ಡದಾದ್ರ ನಿಪ್ಪಲ್ ಬದಲಿ ಮಾಡೂದ ಗತಿ. ಚಟ್ ಚಟ್ ಸಪ್ಪಳ ಬಂದು ಉರಿ ಕುಣದ್ರ ಎಣ್ಣ್ಯಾಗ ನೀರು. ನೀರು ತಳಕ್ಕ ಕೂಡತದ, ಒಂದು ತಾಸು ಬಿಟ್ಟು ಮ್ಯಾಲಿನ ಎಣ್ಣಿ ಅಷ್ಟ ಬಗ್ಗಿಸಿಕೋಬೇಕು.

ಬತ್ತಿ ಸ್ಟೋ ಆಮ್ಯಾಲೆ ಎಲ್ಲಾರ ಮನ್ಯಾಗೂ ಬಂತು. 1970ರ ದಶಕದ ಕೊನಿಗೆ ಇಂಡಿಯನ್ ಆಯಿಲ್ ಸಂಶೋಧನಾ ಕೇಂದ್ರದವರು ಎಣ್ಣಿ ಉಳಿಸೂ ಸಲುವಾಗಿ ನೂತನ್ ಅನ್ನೂ ಸ್ಟೋ ತಯಾರ ಮಾಡಿದ್ರು. ಹತ್ತು ಬತ್ತಿ. ಎಲ್ಲಾ ಒಂದ ಮಟ್ಟಕ್ಕ ಕತ್ತರಿಸಬೇಕು, ತೂತಿನ ಕೊಳವಿ ಸರಿಯಾಗಿ ಕೂಡಬೇಕು. ಇಲ್ಲಾಂದ್ರ ಬೋಗುಣಿ ತಳಾ ಕಾಡಗಿ. ಅದಕ್ಕ ಗಾಳಿ ತುಂಬೂದು ಇಲ್ಲ. ಈ ಮಾತು ಲಕ್ಷದಾಗ ಇಟ್ಕೊಳ್ರಿ.

ಯಾಕಂದ್ರ ಪೇಪರಿನಾಗ ಆವಾಗೆಲ್ಲಾ ಬರ್ತಿತ್ತಲ್ಲ, ಸ್ಟೋ ಸಿಡಿದು ಗೃಹಿಣಿ ಸಾವು ಅಂತ. ಅತ್ತಿ ಸಾಯಂಗಿಲ್ಲ, ಮಾವ ಸಾಯಂಗಿಲ್ಲ. ಚಹಾ ಕಾಸಲಿಕ್ಕೆ ಹೋದ ಗಂಡಸೂ ಸಾಯಂಗಿಲ್ಲ. ಮದುವಿ ಆಗಿ ಎರಡು ಮೂರು ವರ್ಷದ ಸೊಸಿ ಮುಂದ ಅಷ್ಟ ಸ್ಟೋ ಸಿಡೀತಿತ್ತು. ಖರೆ ಅಪಘಾತ ಆಗ್ತಿದ್ದಿಲ್ಲ ಅಂತಲ್ಲ. ಉರಿಯೂ ಸ್ಟೋಕ್ಕ ಎಣ್ಣಿ ಹಾಕಿದ್ರ, ನಿಪ್ಪಲ್ ಕಟ್ಟಿದಾಗ ಪಂಪ್ ಹೊಡೆದ್ರ, ಎಣ್ಣ್ಯಾಗ ಪೆಟ್ರೋಲ್ ಬೆರೆತಿದ್ರ ಅನಾಹುತ ಆಗ್ತಿತ್ತು. ನೈಲಾನ್ ಸೀರಿ ಸೆರಗು ಹತ್ತಿದ್ರ ಕರಗಿ ಮೈಗೆ ಅಂಟತಿತ್ತು. ಆದ್ರ ಟಾಕಿ ಸಿಡದಿದ್ರ ಹಿತ್ತಾಳಿ ಹರದಿರಬೇಕಲ್ಲ? ಟಾಕಿ ಜಪ್ಪಯ್ಯ ಅಂದ್ರೂ ಸೀಳಿಲ್ಲ, ಪಕ್ಕದಾಗ ಹಾಂಗ ಕೂತದ, ಹುಡುಗಿ ಮಾತ್ರ ನೆತ್ತಿಯಿಂದ ಸುಟ್ಟಾಳ. ಕೆಲವು ಮನ್ಯಾಗ ಇದ್ದದ್ದು ಬತ್ತಿ ಸ್ಟೋ. ಗಾಳೀನ ಇಲ್ಲದ್ದು ಹೆಂಗ ಸಿಡೀತದ? ಇದನ್ನ ಕೇಳಲಿಕ್ಕೆ ಓದೇನೂ ಬೇಕಿಲ್ಲ, ಸ್ಟೋ ಹಚ್ಚಿದ ಯಾವ ಹೆಂಗಸೂ ಕೇಳತಾಳ. ಪಂಚನಾಮಿ ಬರಿಯೂ ಗಂಡಸ್ರು ಸ್ಟೋ ಹಚ್ಚಿದವರಲ್ಲ.

ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು 1990ರ ದಶಕದಾಗ ವಿಕ್ಟೋರಿಯಾ ಆಸ್ಪತ್ರೆ ಸುಟ್ಟಗಾಯದ ವಾರ್ಡಿಗೆ ಅಡ್ಡಾಡಿ, ಆಕಸ್ಮಿಕ ಅಂತ ಬರದು ಮುಚ್ಚಿದ ಸಾವುಗಳನ್ನ ಮತ್ತ ವಿಚಾರಿಸಿದ್ರು. ಕಾಯದೆ ಮೊದಲ ಬಂದಿತ್ತು. ವರದಕ್ಷಿಣೆ ನಿಷೇಧ 1961ರದ್ದು. 1983ರಾಗ ಗಂಡನ ಮನಿ ಹಿಂಸಾಕ್ಕ 498ಎ ಕಲಮು. 1986ರಾಗ 304ಬಿ: ಮದುವಿ ಆದ ಏಳು ವರ್ಷದೊಳಗ ಸುಟ್ಟು ಸತ್ತು, ಸಾಯೂ ಮುಂಚೆ ವರದಕ್ಷಿಣೆಗೆ ಕಾಡಿದ್ದು ಸಿದ್ಧ ಆದ್ರ ಅದು ವರದಕ್ಷಿಣೆ ಸಾವು, ಶಿಕ್ಷೆ ಏಳು ವರ್ಷಕ್ಕ ಕಡಿಮಿ ಇಲ್ಲ. ಕಾಡಿದ್ದು ಹೇಳಬೇಕಾದವರು ತವರಿನವರು, ನೆರೆಹೊರೆಯವರು. ಅಂದ್ರ ನಾವ.

2016ರ ಉಜ್ವಲಾ ಯೋಜನಾ ಬಂದಮ್ಯಾಲೆ ಹಳ್ಳಿ ಮನಿಗೂ ಗ್ಯಾಸ್ ಬಂತು, ಚಿಮಣಿ ಎಣ್ಣಿ ಕ್ಯಾನ್ ಹಿಡಕೊಂಡು ರೇಶನ್ ಅಂಗಡಿ ಮುಂದ ನಿಲ್ಲೂದು ತಪ್ಪಿತು. ನಮ್ಮವ್ವನ ಹಿತ್ತಾಳಿ ಸ್ಟೋ ಅಟ್ಟದ ಮ್ಯಾಲೆ ಅದ. ನಲವತ್ತು ವರ್ಷ ದಿನಾ ಎರಡು ಹೊತ್ತು ಉರದದ, ಟಾಕಿಗೆ ಒಂದು ಬೆಸುಗಿ ಸೈತ ಬಿದ್ದಿಲ್ಲ.