ವಿಳಾಸದ ಪುಸ್ತಕದಲ್ಲಿ ಮನಸ್ಸಿನ ವೈದ್ಯ

ಹಲ್ಲುನೋವು ಬಂದವನು ಒಳ್ಳೆಯ ವೈದ್ಯರು ಯಾರೆಂದು ಪಕ್ಕದ ಮನೆಯವರನ್ನು ಕೇಳಬಲ್ಲ. ಮನಸ್ಸು ನೊಂದವನು ಕೇಳಲು ಹಿಂಜರಿಯುತ್ತಾನೆ. ಅತ್ತ ವೈದ್ಯನೂ ತನ್ನಿಂದ ಗುಣಹೊಂದಿದವರ ಹೆಸರು ಹೇಳಿಕೊಳ್ಳುವಂತಿಲ್ಲ. ಇಬ್ಬರಿಗೂ ನೆರವಾಗುವುದು ಹೆಸರು ವಿಳಾಸಗಳ ಒಂದು ಪಟ್ಟಿ. ಸ್ವಂತ ಚಿಕಿತ್ಸಾಲಯ ತೆರೆದ ಮನೋಚಿಕಿತ್ಸಕರು ಇಂದು ಅಂತರ್ಜಾಲದ ಡೈರೆಕ್ಟರಿಗಳಲ್ಲಿ ಹೆಸರು ಸೇರಿಸುವುದು ಇದಕ್ಕಾಗಿಯೇ. ಕೋಲ್ಕತ್ತಾದಲ್ಲಿ ಇಂಥ ಪಟ್ಟಿಗಳಿಗೆ ಹಳೆಯ ಚರಿತ್ರೆಯಿದೆ.

ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯಲ್ಲಿ ಥ್ಯಾಕರ್ ಸ್ಪಿಂಕ್ ಕಂಪನಿಯ ಡೈರೆಕ್ಟರಿ ವರ್ಷವರ್ಷವೂ ಬರುತ್ತಿತ್ತು. ಇಂಗ್ಲಿಷ್ ಬಲ್ಲವರಿಗೆ ಅದು ವ್ಯಾಪಾರ, ಕಚೇರಿ, ವೃತ್ತಿಗಳ ಕೈಪಿಡಿ. ಬಂಗಾಳಿ ಮನೆಗಳಿಗೆ ಆ ಕೆಲಸ ಮಾಡಿದ್ದು ಪಂಚಾಂಗ. ಪಿ. ಎಂ. ಬಾಗಚಿಯವರ ಪಂಚಾಂಗದ ಹೆಸರಿನಲ್ಲಿಯೇ ‘ಡೈರೆಕ್ಟರಿ’ ಎಂಬ ಮಾತಿತ್ತು. ತಿಥಿ ನಕ್ಷತ್ರಗಳ ಪಕ್ಕದಲ್ಲಿಯೇ ನರದೌರ್ಬಲ್ಯಕ್ಕೆ, ಧಾತುಕ್ಷಯಕ್ಕೆ, ಮಿದುಳಿನ ಬಲಕ್ಕೆ ಔಷಧಿಗಳ ಜಾಹೀರಾತುಗಳು ಪಂಚಾಂಗಗಳಲ್ಲಿ ಅಚ್ಚಾಗುತ್ತಿದ್ದವು. ಹೀಗೆ ಮನಸ್ಸಿನ ನೋವನ್ನು ಮೊದಲು ಮಾರುಕಟ್ಟೆಗೆ ತಂದವರು ಔಷಧಿ ವ್ಯಾಪಾರಿಗಳು.

ಇದೇ ನಗರದಲ್ಲಿ 1910ರಲ್ಲಿ ವೈದ್ಯಪದವಿ ಪಡೆದ ಗಿರೀಂದ್ರಶೇಖರ ಬೋಸರು ಮಾತಿನಿಂದ ಮನಸ್ಸನ್ನು ಗುಣಪಡಿಸುವ ದಾರಿ ಹಿಡಿದರು. 1922ರಲ್ಲಿ, 14, ಪಾರ್ಸಿಬಾಗಾನ್ ಲೇನಿನ ತಮ್ಮ ಮನೆಯಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ಅದೇ ವರ್ಷ ಅದು ಅಂತರರಾಷ್ಟ್ರೀಯ ಸಂಘದ ಅಂಗವಾಯಿತು. ಆ ಸಂಘದ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದ ಸದಸ್ಯರ ಪಟ್ಟಿಯಲ್ಲಿ ಲಂಡನ್, ವಿಯೆನ್ನಾಗಳ ಜೊತೆಗೆ ಕಲ್ಕತ್ತೆಯೂ ಕಾಣಿಸಿಕೊಂಡಿತು. ಆ ಪಟ್ಟಿಗೆ ದುಡ್ಡು ಕೊಟ್ಟು ಸೇರುವಂತಿರಲಿಲ್ಲ, ಸಹವೃತ್ತಿಗರು ಒಪ್ಪಬೇಕಿತ್ತು.

ಆದರೆ ಲಂಡನ್ನಿನ ಪತ್ರಿಕೆಯನ್ನು ಓದಿ ಶ್ಯಾಮಬಜಾರಿನ ರೋಗಿ ಬರುವನೆ? ಆಗ ನಿಜವಾದ ಡೈರೆಕ್ಟರಿ ಗೆಳೆಯರ ಬಾಯಿಮಾತು. ಅದರ ಪಾಡನ್ನು ಗಿರೀಂದ್ರಶೇಖರರ ಅಣ್ಣ ರಾಜಶೇಖರ ಬಸು, ‘ಪರಶುರಾಮ’ ಎಂಬ ಹೆಸರಿನಲ್ಲಿ ಬರೆದ ‘ಚಿಕಿತ್ಸಾ ಸಂಕಟ’ ಎಂಬ ಕತೆಯಲ್ಲಿ ನಗೆಯಾಡಿದ್ದಾರೆ: ಟ್ರಾಮಿನಿಂದ ಬಿದ್ದ ನಂದ, ಹಿತೈಷಿಗಳ ಮಾತು ಕೇಳಿ ಡಾಕ್ಟರು, ಹೋಮಿಯೋಪಥಿ, ಕವಿರಾಜ, ಹಕೀಮ ಎಂದು ಅಲೆಯುತ್ತಾನೆ. ತಮ್ಮ ಬೇರೊಂದು ದಾರಿ ಹಿಡಿದರು. ‘ಸ್ವಪ್ನ’ ಎಂಬ ಪುಸ್ತಕವನ್ನು ಬಂಗಾಳಿಯಲ್ಲಿಯೇ ಬರೆದರು. 1933ರಲ್ಲಿ ಕಾರ್ಮೈಕೆಲ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಹೊರರೋಗಿಗಳ ಮನೋಚಿಕಿತ್ಸಾ ವಿಭಾಗವನ್ನು ತೆರೆದರು. ಜನರ ಭಾಷೆಯಲ್ಲಿ ಬರೆದು, ಎಲ್ಲರೂ ಬರಬಹುದಾದ ಬಾಗಿಲು ತೆರೆದದ್ದೇ ಅವರು ಜನರ ಬಳಿಗೆ ಹೋದ ಬಗೆ.

ಇಂದಿನ ಡೈರೆಕ್ಟರಿಯಲ್ಲಿ ಈ ಮೂರೂ ಬೆರೆತಿವೆ: ಥ್ಯಾಕರನ ವಿಳಾಸ, ಪಂಚಾಂಗದ ಜಾಹೀರಾತು, ಸಂಘದ ಅರ್ಹತಾಪಟ್ಟಿ. ಯಾವುದು ಯಾವುದೆಂದು ಬಿಡಿಸಿ ನೋಡುವ ಹೊಣೆ ನೊಂದವನ ಮೇಲೆಯೇ ಬೀಳುತ್ತದೆ. ಆ ಗಳಿಗೆಯಲ್ಲಿ ಅವನಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಆದ್ದರಿಂದ ಬಿಡಿಸಿ ತೋರಿಸುವುದು ಚಿಕಿತ್ಸಕನ ಧರ್ಮ. ವೈದ್ಯರು ರೋಗಿಗಳನ್ನು ಸೆಳೆಯುವ ಜಾಹೀರಾತು ನೀಡಬಾರದು, ಚಿಕಿತ್ಸೆ ಆರಂಭಿಸಿದ್ದನ್ನೋ ವಿಳಾಸ ಬದಲಾದದ್ದನ್ನೋ ಪ್ರಕಟಿಸಬಹುದು ಎಂಬುದು 2002ರ ವೈದ್ಯಕೀಯ ನಡತೆಯ ನಿಯಮ. ಚಿಕಿತ್ಸಾ ಮನೋವಿಜ್ಞಾನಿಗಳಿಗಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆ. ಆ ಸಂಖ್ಯೆ, ಓದು, ಶುಲ್ಕ, ಯಾವ ತೊಂದರೆಗಳನ್ನು ನೋಡುತ್ತಾರೆ, ಯಾವುದನ್ನು ನೋಡುವುದಿಲ್ಲ ಎಂಬುದು ಪರಿಚಯದ ಮೊದಲ ಸಾಲುಗಳಲ್ಲಿರಬೇಕು. ಹೊಗಳಿಕೆಯ ಮಾತು ಆಮೇಲೆ ಬಂದರೂ ನಡೆದೀತು, ಬಾರದಿದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ಸಾಲು ನಮ್ಮಂಥ ಹೊರನಾಡಿಗರಿಗೆ ಮುಖ್ಯ: ಭಾಷೆ. ಕಲ್ಕತ್ತ ವಿಶ್ವವಿದ್ಯಾಲಯದ ಪ್ರಯೋಗಾತ್ಮಕ ಮನೋವಿಜ್ಞಾನಕ್ಕೆ ಮೊದಲ ಪಠ್ಯಕ್ರಮ ರೂಪಿಸಿದ ಬ್ರಜೇಂದ್ರನಾಥ ಶೀಲರು ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗಲೇ, 1924ರಲ್ಲಿ, ಅಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ಮುಂದಾಳ್ತನದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಅಂದು ಶಾಸ್ತ್ರ ಇಲ್ಲಿಂದ ಅಲ್ಲಿಗೆ ಹೋಯಿತು. ಇಂದು ಕೋಲ್ಕತ್ತಾದಲ್ಲಿ ಕುಳಿತ ಕನ್ನಡಿಗನೊಬ್ಬ ಡೈರೆಕ್ಟರಿಯಲ್ಲಿ ‘ಕನ್ನಡ’ ಎಂಬುದನ್ನು ಆರಿಸಿ, ಮೈಸೂರಿನ ಚಿಕಿತ್ಸಕರೊಡನೆ ವಿಡಿಯೋದಲ್ಲಿ ಮಾತಾಡಬಲ್ಲ. ಬೀದಿವಾರು ಹೆಸರು ಜೋಡಿಸಿದ ಹಳೆಯ ಪುಸ್ತಕಗಳಿಗೆ ಇದು ಸಾಧ್ಯವಿರಲಿಲ್ಲ. ಬಲ್ಲ ಭಾಷೆಗಳನ್ನು ನಮೂದಿಸದೆ ಬಿಟ್ಟ ಚಿಕಿತ್ಸಕ, ತನ್ನನ್ನೇ ಹುಡುಕಿಕೊಂಡು ಬಂದವನಿಗೆ ಕಾಣದೆ ಹೋಗುತ್ತಾನೆ. ಅಳು ಬರುವುದು ತಾಯ್ನುಡಿಯಲ್ಲಿ. ಅದನ್ನು ಕೇಳಬಲ್ಲವರ ಹೆಸರು ಪಟ್ಟಿಯಲ್ಲಿ ಸಿಗುವಂತಿರಲಿ.